ಕೊಕ್ಕು ಅಂಟಿಸುವವಳು

ತಟ್ಟಿ ನೋಡಿ, ಅವ್ವಾ, ನಾಲ್ಕು ಸಲ ಬೇಕಾದರೂ ತಟ್ಟಿ.
ಕಿವಿಗೆ ಹಿಡಿದು ಕೇಳಿ: ಟಣ್ ಅಂದರೆ ಗಟ್ಟಿ,
ಡಬ್ ಅಂದರೆ ಒಳಗೆಲ್ಲೋ ಒಂದು ಸುಳ್ಳು.
ಜೋಡಿಗೆ ಐವತ್ತು. ನಲವತ್ತಕ್ಕೆ ಬರೋದಿಲ್ಲ,
ಈ ವರುಷ ಬೆರಣಿಯೂ ತುಟ್ಟಿ.

ಬರವಾಡದ ಗುಡ್ಡದ ಮೇಲೆ ಚೌಥ್ ಮಾತೆ,
ಬುಡದಲ್ಲಿ ನಾನು, ಒಂದು ಗೋಣಿತಾಟು, ನಾನೂರು ಮಣ್ಣಿನ ಗಿಂಡಿ.
ನಸುಕಿಗೇ ಎದ್ದು, ಅತ್ತೆ ಕೊಟ್ಟ ಫೇಣಿ ತಿಂದು,
ಬಾಯಿ ಕಟ್ಟಿ ಬಂದಿದ್ದೀರಿ; ತುಟಿ ನೋಡಿದರೆ ತಿಳಿಯುತ್ತದೆ.
ನನ್ನದೂ ಅದೇ.
ಆದರೆ ದೀಪಾವಳಿಗಿನ್ನು ಹನ್ನೊಂದೇ ದಿನ,
ಹಣತೆಯ ಮಣ್ಣು ಕಲಸಿಟ್ಟು ಬಂದೆ.
ಮೊಣಕೈವರೆಗೆ ನೀರು,
ನಾಲಿಗೆಗೆ ಒಂದು ಹನಿಯಿಲ್ಲ.

ನಮ್ಮಲ್ಲಿ ಹೆಂಗಸು ತಿಗರಿ ಮುಟ್ಟುವ ಹಾಗಿಲ್ಲ.
ಮಣ್ಣು ಹೊರಬಹುದು, ಸೋಸಬಹುದು, ತುಳಿಯಬಹುದು,
ಆವಗೆಯ ಹೊಗೆ ಕುಡಿಯಬಹುದು,
ಮನೆಯವರು ಇಳಿಸಿದ ಗಿಂಡಿಗೆ ಕೊಕ್ಕು ಅಂಟಿಸಬಹುದು.
ಇಪ್ಪತ್ತೆರಡು ವರುಷ ಕೊಕ್ಕು ಅಂಟಿಸಿದೆ.
ಹೊಟ್ಟೆ ಅವರದು, ಬಾಯಿ ನನ್ನದು.
(ಅವರ ಹೆಸರು ಕೇಳಬೇಡಿ, ಇವತ್ತಂತೂ ಹೇಳಲಾರೆ.)

ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆ
ಬೇವಿನಕಡ್ಡಿ ಕೈಯಿಂದ ಜಾರಿತು.
ಬಗ್ಗಿ ಎತ್ತಿಕೊಳ್ಳುತ್ತಾರೆ ಅಂದುಕೊಂಡೆ.
ಗೋಡೆಗೆ ಒರಗಿದರು, ಗೋಡೆಯುದ್ದಕ್ಕೂ ಇಳಿದರು.
ಸವಾಯಿ ಮಾಧೋಪುರದ ದೊಡ್ಡಾಸ್ಪತ್ರೆಯಲ್ಲಿ
ಅದಕ್ಕೇನೋ ಹೆಸರು ಹೇಳಿದರು.
ನಾನು ಮೊಸಳೆ ಅನ್ನುತ್ತೇನೆ.

ಸಂಜೆ ನೀವೂ ಕೇಳುವ ಕಥೆಯೇ:
ಹೊಳೆಗಿಳಿದ ಗಂಡನ ಕಾಲು ಮೊಸಳೆಯ ಬಾಯಲ್ಲಿ,
ಕರವಾ ಎಂಬ ಹೆಂಗಸು ಅದನ್ನು ಹಸಿನೂಲಲ್ಲಿ ಕಟ್ಟಿಹಾಕಿ
ಯಮನ ಬಾಗಿಲಿಗೆ ಹೋಗಿ ಜಗಳವಾಡಿದಳಂತೆ.
ಚಂಬಲ್ ಇಲ್ಲೇ, ಮೊಸಳೆ ನಾವೂ ಕಂಡಿದ್ದೇವೆ.
ನೂಲಿಗೆ ನಿಲ್ಲುವ ಪ್ರಾಣಿಯಲ್ಲ ಅದು.
ಬಲಗೈ, ಬಲಗಾಲು, ಮುಖದ ಬಲಭಾಗ,
ಇನ್ನೂ ಬಿಟ್ಟಿಲ್ಲ.

ನನ್ನ ಹತ್ತಿರವೂ ಒಂದು ನೂಲಿದೆ,
ತಿಗರಿಯ ಮೇಲಿನ ಗಿಂಡಿಯ ಬುಡ ಕೊಯ್ದು ಬಿಡಿಸುವ ನೂಲು.
ಆಷಾಢದ ಒಂದು ಮಧ್ಯಾಹ್ನ ಕದ ಹಾಕಿ,
ಅವರ ಎಡಗೈಗೆ ಅದನ್ನು ಕೊಟ್ಟು
ತಿಗರಿಯ ಮುಂದೆ ಕುಳಿತೆ.
ಮೊದಲ ಮೂವತ್ತು ಗಿಂಡಿ ಕುಸಿದು ಕೂತವು.
ಸೊಟ್ಟ ಬಾಯಲ್ಲಿ "ಮೆಲ್ಲಗೆ, ಮೆಲ್ಲಗೆ" ಅಂದರು,
ಆಮೇಲೆ ಅರ್ಧ ಮುಖದಲ್ಲಿ ನಕ್ಕರು.
ಅತ್ತೆ ಹೊಸಿಲಲ್ಲೇ ಕೂತಿದ್ದಳು.
ಕಣ್ಣಿಗೆ ಪೊರೆ ಬಂದಿದೆ ಎಂದು
ಅವತ್ತಿನಿಂದ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ,
ಅಕ್ಕಿಯ ಕಲ್ಲು ಮಾತ್ರ ಅವಳೇ ಆರಿಸುತ್ತಾಳೆ.

ಹೀಗಾಗಿ, ಅವ್ವಾ, ನೀವು ಸೆರಗಲ್ಲಿ ಸುತ್ತಿಕೊಂಡ ಈ ಜೋಡಿಗೆ
ಹೊಟ್ಟೆಯೂ ನನ್ನದೇ, ಬಾಯಿಯೂ ನನ್ನದೇ.
ಮುಟ್ಟಬಾರದ್ದನ್ನು ಮುಟ್ಟಿದ ಕೈ.
ಇನ್ನೂರು ಗಂಡಂದಿರ ಆಯುಷ್ಯ ಇವತ್ತು ಇದರೊಳಗಿನ ನೀರಲ್ಲಿದೆ.
ನನಗೂ ಹೆದರಿಕೆ ಇಲ್ಲದಿಲ್ಲ.
ಇದನ್ನೆಲ್ಲ ನಿಮಗೆ ಹೇಳುತ್ತಿಲ್ಲ,
ಚಿಲ್ಲರೆ ಎಣಿಸುತ್ತಿದ್ದೇನೆ.

*

ಎಲ್ಲ ಮಾರಿ ಉಳಿದದ್ದು ಡಬ್ ಅನ್ನುವ ಒಂದು.
ಮಾಳಿಗೆಯ ಮೇಲೆ ನೀರು ತುಂಬಿಸಿದೆ, ಸೋರಿತು.
ಮತ್ತೆ ತುಂಬಿಸಿದೆ.
ನೆಲ ಕುಡಿಯುತ್ತಿತ್ತು, ನಾನು ನೋಡುತ್ತಿದ್ದೆ.
ನೀರಿನ ಟ್ಯಾಂಕಿನ ಮೇಲೇರಿ ಮಗಳು ಸುರ್ಗ್ಯಾನ
ಗುಡ್ಡದ ಕಡೆ ಕತ್ತು ಚಾಚಿದ್ದಾಳೆ.
ಪಕ್ಕದ ಮಾಳಿಗೆಗಳಲ್ಲೆಲ್ಲ ಜರಡಿ, ಗುಲಾಬಿ ಓಢಣಿ, ಮೊಬೈಲಿನ ಬೆಳಕು.

ಮಂಚದಿಂದ ಅವರು ಎಡಗೈ ಚಾಚಿದರು.
ನನ್ನ ಮೊಣಕೈಯಲ್ಲಿ ಬೆಳಗಿನ ಮಣ್ಣು ಒಣಗಿ ಅಂಟಿತ್ತು;
ಉಗುರಿಂದ ಕೆರೆದು ತೆಗೆದರು,
ಸೋರುವ ನೀರಲ್ಲೇ ನೆನೆಸಿ, ಹೆಬ್ಬೆರಳಲ್ಲಿ ತಿಕ್ಕಿ,
ಬಿರುಕಿಗೆ ಮೆತ್ತಿದರು.
ಹೆಬ್ಬೆರಳು ಅಲ್ಲೇ ಇಟ್ಟರು.

ಸುಡದ ಮಣ್ಣು ನೀರಿಗೆ ಎಷ್ಟು ಹೊತ್ತು ತಡೆಯುತ್ತದೆಂದು
ನಮ್ಮಿಬ್ಬರಿಗೂ ಗೊತ್ತು,
ಅದೇ ನಮ್ಮ ಕಸುಬು.

ಏ ಸುರ್ಗ್ಯಾನ,
ಬಂದನೇನೇ?